ವೇಗ ಹೆಚ್ಚಿದರೆ ಒಂದು ಕೆಜಿ ಅಕ್ಕಿ ಎರಡು ಕೆಜಿ ಆಗುತ್ತಾ?

ತುಂಗೆಯ ದಡ:
ಎಲ್ಲರಿಗೂ ನಮಸ್ಕಾರ. ಮಗಳು ಎರಡನೇ ಪಿಯುಸಿ ಓದುತ್ತಿದ್ದಾಳೆ. ಯಾರೂ ಹೇಳದೆ ತಾನೇ ಆಸೆಪಟ್ಟು ಸಾಪೇಕ್ಷತಾ ಸಿದ್ಧಾಂತದ ಒಂದು ಹಳೆಯ ಪುಸ್ತಕ ತಂದು ಓದುತ್ತಿದ್ದಾಳೆ. ವಸ್ತುವಿನ ವೇಗ ಹೆಚ್ಚಿದ ಹಾಗೆ ಅದರ ದ್ರವ್ಯರಾಶಿಯೂ ಹೆಚ್ಚುತ್ತದೆ ಎಂದು ಅದರಲ್ಲಿದೆ. ಸೂತ್ರವೂ ಇದೆ. ಅವಳು ಲೆಕ್ಕ ಹಾಕಿ ನೋಡಿದಳು. ಸೆಕೆಂಡಿಗೆ ಸುಮಾರು 2.6 ಲಕ್ಷ ಕಿಲೋಮೀಟರ್ ವೇಗದಲ್ಲಿ ಹೋದರೆ ದ್ರವ್ಯರಾಶಿ ಸರಿಯಾಗಿ ಎರಡು ಪಟ್ಟಾಗುತ್ತದೆ.

ನಿನ್ನೆ ರಾತ್ರಿ ಊಟಕ್ಕೆ ಕೂತಾಗ ಕೇಳಿದಳು: "ಅಮ್ಮಾ, ಆ ರಾಕೆಟ್ ಒಳಗೆ ಒಂದು ಕೆಜಿ ಅಕ್ಕಿ ಇದೆ ಅಂತ ಇಟ್ಕೊ. ಒಳಗೆ ಕೂತವನಿಗೆ ಒಂದೇ ಕೆಜಿ. ಕೆಳಗೆ ನಿಂತ ನಮಗೆ ಎರಡು ಕೆಜಿ. ಕಾಳು ಎಣಿಸಿದ್ರೆ ಇಬ್ಬರಿಗೂ ಅಷ್ಟೇ. ಹಾಗಾದ್ರೆ ಎರಡನೇ ಕೆಜಿ ಎಲ್ಲಿಂದ ಬಂತು?"

ನಾನು ಬಿಎಸ್ಸಿ ಓದಿ ಬಹಳ ವರ್ಷವಾಯಿತು. ಸುಮ್ನೆ ಏನೋ ಹೇಳಿ ಅವಳನ್ನು ಸುಮ್ಮನಾಗಿಸಲು ಮನಸ್ಸು ಬರಲಿಲ್ಲ. ಗೊತ್ತಿದ್ದವರು ಹೇಳಿ.

ಸೋನೆಮಳೆ:
ಎರಡನೇ ಕೆಜಿ ಬಂದೇ ಇಲ್ಲ ಅಕ್ಕಾ. ಅಕ್ಕಿ ಇಬ್ಬರಿಗೂ ಒಂದೇ ಕೆಜಿ. ಕೆಳಗೆ ನಿಂತವರ ಲೆಕ್ಕದಲ್ಲಿ ಜಾಸ್ತಿ ಆಗಿರುವುದು ಅದರ ಶಕ್ತಿ. ಮಗಳ ಪ್ರಶ್ನೆ ಸರಿಯಾಗಿಯೇ ಇದೆ. ಪುಸ್ತಕದ ಮಾತು ಹಳೆಯದು.

ಹಳೇ ಬೇರು:
ಅಷ್ಟು ಸುಲಭವಾಗಿ ತಳ್ಳಿಹಾಕಬೇಡಿ. ನಾನು ಮೂವತ್ತು ವರ್ಷ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸಿದವನು. ವೇಗದ ಜೊತೆ ದ್ರವ್ಯರಾಶಿ ಹೆಚ್ಚುತ್ತದೆ ಎಂದೇ ಹೇಳಿಕೊಟ್ಟಿದ್ದೇನೆ. ಪ್ರಯೋಗದ ಬೆಂಬಲ ಇಲ್ಲದೆ ಹೇಳಿದ್ದಲ್ಲ. 1901ರಿಂದ ಕೌಫ್‌ಮನ್ ರೇಡಿಯಂನಿಂದ ಹೊರಬರುವ ಎಲೆಕ್ಟ್ರಾನ್‌ಗಳನ್ನು ಕಾಂತಕ್ಷೇತ್ರದಲ್ಲಿ ಬಾಗಿಸಿ ನೋಡಿದರು. ವೇಗ ಜಾಸ್ತಿ ಇದ್ದ ಎಲೆಕ್ಟ್ರಾನ್ ಲೆಕ್ಕಕ್ಕಿಂತ ಕಡಿಮೆ ಬಾಗಿತು. 1908ರಲ್ಲಿ ಬುಖೆರರ್ ಇನ್ನೂ ಚೆನ್ನಾಗಿ ಅಳೆದರು. ಲೊರೆಂಟ್ಸ್ ಮತ್ತು ಐನ್‌ಸ್ಟೈನ್ ಅವರ ಸೂತ್ರಕ್ಕೆ ಅದು ಹೊಂದಿತು. ಬಾಗಿಸಲು ಕಷ್ಟವಾದರೆ ಜಡತ್ವ ಹೆಚ್ಚಿದೆ ಎಂದರ್ಥ. ಜಡತ್ವದ ಅಳತೆಯೇ ದ್ರವ್ಯರಾಶಿ. ಇದರಲ್ಲಿ ತಪ್ಪೇನಿದೆ?

ಬಸವನಗುಡಿ ಓದುಗ:
ಮೇಷ್ಟ್ರೇ, ನೀವು ಹೇಳಿದ ಪ್ರಯೋಗಗಳು ಪೂರ್ತಿ ನಿಜ. ಅವುಗಳಿಂದ ತೆಗೆದ ತೀರ್ಮಾನದ ಬಗ್ಗೆ ಮಾತ್ರ ನನ್ನ ತಕರಾರು. ಸ್ವಲ್ಪ ಉದ್ದವಾಗಿ ಬರೆಯುತ್ತೇನೆ. ಈ ವಿಷಯ ನನಗೂ ಬಹಳ ವರ್ಷ ಕಾಡಿದೆ.

ಕಾಂತಕ್ಷೇತ್ರದಲ್ಲಿ ಕಣ ಎಷ್ಟು ಬಾಗುತ್ತದೆ ಎಂಬ ಸೂತ್ರ ನೋಡಿ. ಸಂವೇಗವನ್ನು ವಿದ್ಯುದಾವೇಶ ಮತ್ತು ಕಾಂತಕ್ಷೇತ್ರಗಳ ಗುಣಲಬ್ಧದಿಂದ ಭಾಗಿಸಿದರೆ ದಾರಿಯ ತ್ರಿಜ್ಯ ಸಿಗುತ್ತದೆ. ಅಲ್ಲಿ ದ್ರವ್ಯರಾಶಿ ಬೇರೆಯಾಗಿ ಬರುವುದೇ ಇಲ್ಲ. ಮ್ಯಾಗ್ನೆಟ್ ಅಳೆಯುವುದು ಸಂವೇಗವನ್ನು. ನ್ಯೂಟನ್ನನ ಸಂವೇಗ ಅಂದರೆ ದ್ರವ್ಯರಾಶಿ ಗುಣಿಸು ವೇಗ. 1906ರಲ್ಲಿ ಪ್ಲಾಂಕ್ ಅದನ್ನು ಗಾಮಾ ಎಂಬ ಒಂದು ಸಂಖ್ಯೆಯಿಂದ ಗುಣಿಸಿದರು. ನಿಂತ ವಸ್ತುವಿಗೆ ಅದು 1, ವೇಗ ಬೆಳಕಿನ ವೇಗಕ್ಕೆ ಹತ್ತಿರವಾದಷ್ಟೂ ದೊಡ್ಡದಾಗುತ್ತದೆ. ಮಗಳ ರಾಕೆಟ್‌ಗೆ ಆ ಗಾಮಾದ ಬೆಲೆ 2. ಈಗ ಆ ಗಾಮಾವನ್ನು ಯಾರ ಜೊತೆ ಕಟ್ಟಬೇಕು? ದ್ರವ್ಯರಾಶಿಯ ಜೊತೆಗೆ ಕಟ್ಟಿದರೆ ದ್ರವ್ಯರಾಶಿ ಹೆಚ್ಚಿತು ಎನ್ನಬೇಕು. 1912ರಲ್ಲಿ ಟೋಲ್‌ಮನ್ ಹಾಗೇ ಕಟ್ಟಿ, ಇದೇ ಸರಿಯಾದ ದ್ರವ್ಯರಾಶಿ ಎಂದು ವಾದಿಸಿದರು. ವೇಗದ ಜೊತೆಗೆ ಕಟ್ಟಿದರೆ ದ್ರವ್ಯರಾಶಿ ಹಾಗೇ ಉಳಿಯುತ್ತದೆ. ಗಾಮಾ ಹುಟ್ಟುವುದೇ ವೇಗದಿಂದ, ಅಲ್ವಾ? ಸಮಯ ಮತ್ತು ದೂರದ ಅಳತೆ ಚೌಕಟ್ಟಿನಿಂದ ಚೌಕಟ್ಟಿಗೆ, ಅಂದರೆ ಬೇರೆ ಬೇರೆ ವೇಗದಲ್ಲಿ ಓಡುವವರಿಗೆ, ಬದಲಾಗುವುದರಿಂದ ಅದು ಬರುತ್ತದೆ. ಅಕ್ಕಿಯೊಳಗೆ ಏನೋ ಆಗಿ ಬಂದದ್ದಲ್ಲ.

ಇನ್ನು ಜಡತ್ವದ ಮಾತು. ಲೊರೆಂಟ್ಸ್ 1904ರಲ್ಲೇ ಗಮನಿಸಿದ ಒಂದು ಸಂಗತಿ ಇದೆ. ಓಡುವ ವಸ್ತುವನ್ನು ಅದರ ದಾರಿಯಲ್ಲೇ ಮುಂದಕ್ಕೆ ತಳ್ಳಿದರೆ ಒಂದು ಜಡತ್ವ, ಪಕ್ಕಕ್ಕೆ ತಳ್ಳಿದರೆ ಇನ್ನೊಂದು. ಮುಂದಕ್ಕೆ ತಳ್ಳುವಾಗ ಗಾಮಾದ ಘನ, ಪಕ್ಕಕ್ಕೆ ತಳ್ಳುವಾಗ ಬರೀ ಗಾಮಾ. ಅಂದರೆ ಅದೇ ಅಕ್ಕಿ ಚೀಲ ಮುಂದಕ್ಕೆ ನೂಕುವವನಿಗೆ 8 ಕೆಜಿಯ ಹಾಗೆ, ಪಕ್ಕಕ್ಕೆ ನೂಕುವವನಿಗೆ 2 ಕೆಜಿಯ ಹಾಗೆ. ಓರೆಯಾಗಿ ನೂಕಿದರೆ ಇನ್ನೂ ವಿಚಿತ್ರ. ಚೀಲದ ವೇಗ ನೀವು ನೂಕಿದ ದಿಕ್ಕಿಗೆ ಸರಿಯಾಗಿ ಬದಲಾಗುವುದೇ ಇಲ್ಲ. 1905ರ ಐನ್‌ಸ್ಟೈನ್ ಲೇಖನದಲ್ಲೂ ಇಂಥ ಎರಡು ದ್ರವ್ಯರಾಶಿಗಳ ಮಾತಿದೆ. ಒಂದು ಚೀಲಕ್ಕೆ ದಿಕ್ಕಿಗೊಂದು ದ್ರವ್ಯರಾಶಿ ಇರುವುದಾದರೆ ಅದನ್ನು ಚೀಲದ ಗುಣ ಎಂದು ಹೇಗೆ ಕರೆಯುವುದು?

ಮುಂದೆ ಐನ್‌ಸ್ಟೈನ್ ಅವರೇ ಈ ಮಾತನ್ನು ಬಿಟ್ಟರು. 1948ರಲ್ಲಿ ಲಿಂಕನ್ ಬಾರ್ನೆಟ್ ಎಂಬ ಲೇಖಕರಿಗೆ ಬರೆದ ಪತ್ರದಲ್ಲಿ, ಓಡುವ ವಸ್ತುವಿನ ದ್ರವ್ಯರಾಶಿ ಎಂಬ ಕಲ್ಪನೆ ತರುವುದು ಒಳ್ಳೆಯದಲ್ಲ, ಅದಕ್ಕೆ ಸ್ಪಷ್ಟವಾದ ಅರ್ಥ ಕೊಡಲಾಗದು, ನಿಶ್ಚಲ ದ್ರವ್ಯರಾಶಿ ಒಂದನ್ನೇ ಇಟ್ಟುಕೊಂಡು ಸಂವೇಗ ಮತ್ತು ಶಕ್ತಿಯ ಮಾತಾಡುವುದು ಮೇಲು ಎಂಬರ್ಥದಲ್ಲಿ ಬರೆದಿದ್ದಾರೆ. 1989ರಲ್ಲಿ ಭೌತವಿಜ್ಞಾನಿ ಲೆವ್ ಒಕುನ್ ಇದನ್ನೇ ಹಿಡಿದು ಒಂದು ಪ್ರಸಿದ್ಧ ಲೇಖನ ಬರೆದರು.

ಮಗಳಿಗೆ ಹೀಗೆ ಹೇಳಬಹುದು ಮೇಡಂ. ಹೊಲದಲ್ಲಿ ಒಂದು ಬಿದಿರುಗಳ ಓರೆಯಾಗಿ ಬಿದ್ದಿದೆ. ನೀವು ಮೂಡಣ ಬದುವಿನ ಗುಂಟ ಅಳೆದರೆ ಇಷ್ಟು ಮಾರು, ಬಡಗಣ ಬದುವಿನ ಗುಂಟ ಅಳೆದರೆ ಅಷ್ಟು ಮಾರು. ಪಕ್ಕದ ಹೊಲದವರ ಬದು ಬೇರೆ ದಿಕ್ಕಿಗೆ ತಿರುಗಿದೆ. ಅವರಿಗೆ ಎರಡು ಅಂಕಿಗಳೂ ಬೇರೆ. ಆದರೆ ಎರಡನ್ನೂ ವರ್ಗ ಮಾಡಿ ಕೂಡಿದರೆ ಗಳದ ಉದ್ದದ ವರ್ಗ ಸಿಗುತ್ತದೆ, ಅದು ಇಬ್ಬರಿಗೂ ಒಂದೇ. ಶಕ್ತಿ ಮತ್ತು ಸಂವೇಗ ಆ ಎರಡು ಬದುಗಳ ಅಳತೆ ಇದ್ದ ಹಾಗೆ. ದ್ರವ್ಯರಾಶಿ ಗಳದ ಉದ್ದ. ಒಂದೇ ವ್ಯತ್ಯಾಸ: ಇಲ್ಲಿ ಕೂಡುವ ಬದಲು ಕಳೆಯಬೇಕು. ಶಕ್ತಿಯ ವರ್ಗದಿಂದ, ಸಂವೇಗವನ್ನು ಬೆಳಕಿನ ವೇಗದಿಂದ ಗುಣಿಸಿ ಬಂದುದರ ವರ್ಗವನ್ನು ಕಳೆದರೆ ಎಂಸಿ² (ದ್ರವ್ಯರಾಶಿ ಗುಣಿಸು ಬೆಳಕಿನ ವೇಗದ ವರ್ಗ) ಎಂಬುದರ ವರ್ಗ ಸಿಗುತ್ತದೆ. ಯಾವ ಚೌಕಟ್ಟಿನಲ್ಲಿ ನಿಂತು ಕಳೆದರೂ ಅದೇ ಉತ್ತರ. ಇ = ಎಂಸಿ² ಎಂಬುದು ಸಂವೇಗ ಸೊನ್ನೆ ಆದಾಗಿನ ಸಂಗತಿ ಮಾತ್ರ.

ತುಂಗೆಯ ದಡ:
ಬಿದಿರುಗಳದ ಹೋಲಿಕೆ ಓದಿ ಹೇಳಿದೆ. ಕೂಡಲೇ ಪುಸ್ತಕ ಪೆನ್ಸಿಲ್ ತೆಗೆದುಕೊಂಡಳು. ಬೆಳಕಿಗೆ ದ್ರವ್ಯರಾಶಿ ಇಲ್ಲದೆಯೂ ಸಂವೇಗ ಹೇಗೆ ಇರುತ್ತದೆ ಎಂಬುದು ಈಗ ಅರ್ಥವಾಯಿತಂತೆ. ಎರಡು ಅಂಕಿಗಳೂ ಸಮ ಇದ್ದರೆ ಕಳೆದಾಗ ಸೊನ್ನೆ. ನನಗೂ ಈಗಲೇ ತಿಳಿದದ್ದು.

ರಾತ್ರಿಪಾಳಿ:
ನನ್ನದೂ ಒಂದು ಪ್ರಶ್ನೆ. ಒಂದು ವಸ್ತುವನ್ನು ಸಾಕಷ್ಟು ವೇಗವಾಗಿ ಓಡಿಸಿದರೆ ಅದು ಕಪ್ಪುಕುಳಿ ಆಗಿಬಿಡುತ್ತದೆಯೇ? ದ್ರವ್ಯರಾಶಿ ಹೆಚ್ಚುತ್ತೆ, ಉದ್ದ ಕುಗ್ಗುತ್ತೆ. ಎರಡೂ ಸೇರಿದರೆ ಆಗಲೇಬೇಕಲ್ವಾ?

ಬಸವನಗುಡಿ ಓದುಗ:
ಆಗುವುದಿಲ್ಲ. ಇದಕ್ಕೆ ನನಗೆ ತುಂಬಾ ಇಷ್ಟವಾದ ಒಂದು ಲೆಕ್ಕ ಇದೆ.

1991ರ ಅಕ್ಟೋಬರ್‌ನಲ್ಲಿ ಅಮೆರಿಕದ ಯೂಟಾ ರಾಜ್ಯದ ಮರುಭೂಮಿಯಲ್ಲಿದ್ದ ಒಂದು ವೀಕ್ಷಣಾಲಯ ಆಕಾಶದಿಂದ ಬಂದ ಒಂದು ಕಣವನ್ನು ಗುರುತಿಸಿತು. ಅದರ ಶಕ್ತಿ ಸುಮಾರು 50 ಜೂಲ್. ಸ್ಪಿನ್ನರ್ ಗಂಟೆಗೆ 90 ಕಿಲೋಮೀಟರ್ ವೇಗದಲ್ಲಿ ಎಸೆದ ಕ್ರಿಕೆಟ್ ಚೆಂಡಿನಷ್ಟು. ಅಷ್ಟೂ ಶಕ್ತಿ ಒಂದೇ ಒಂದು ಕಣದಲ್ಲಿ. ಅದು ಪ್ರೋಟಾನ್ ಎಂದು ಇಟ್ಟುಕೊಂಡರೆ ಗಾಮಾದ ಬೆಲೆ ಸುಮಾರು 34,000 ಕೋಟಿ.

ಈಗ ಚೌಕಟ್ಟು ಬದಲಿಸಿ. ಆ ಪ್ರೋಟಾನ್ ಮೇಲೆ ಕೂತು ನೋಡಿ. ಪ್ರೋಟಾನ್ ನಿಂತಿದೆ. ಭೂಮಿಯೇ ಅದೇ ಗಾಮಾದಲ್ಲಿ ನಮ್ಮ ಕಡೆಗೆ ಓಡಿ ಬರುತ್ತಿದೆ. ಹಳೆಯ ಸೂತ್ರದ ಪ್ರಕಾರ ಭೂಮಿಯ ದ್ರವ್ಯರಾಶಿಯನ್ನು 34,000 ಕೋಟಿಯಿಂದ ಗುಣಿಸಬೇಕು. ಗುಣಿಸಿದರೆ ಸುಮಾರು ಹತ್ತು ಲಕ್ಷ ಸೂರ್ಯರಷ್ಟು ಆಗುತ್ತದೆ. ಅಷ್ಟು ದ್ರವ್ಯರಾಶಿಯ ಕಪ್ಪುಕುಳಿಯ ತ್ರಿಜ್ಯ ಸುಮಾರು 30 ಲಕ್ಷ ಕಿಲೋಮೀಟರ್. ಭೂಮಿಯ ತ್ರಿಜ್ಯ 6,371 ಕಿಲೋಮೀಟರ್ ಮಾತ್ರ. ಆ ಲೆಕ್ಕ ನಿಜವಾಗಿದ್ದರೆ ಪ್ರೋಟಾನ್ ಪಾಲಿಗೆ ಭೂಮಿ ಎಂದೋ ಕಪ್ಪುಕುಳಿ ಆಗಿರಬೇಕಿತ್ತು. ನಾವಂತೂ ಇಲ್ಲಿ ಕೂತು ಮಾತಾಡುತ್ತಿದ್ದೇವೆ. ಒಂದು ವಸ್ತು ಕಪ್ಪುಕುಳಿಯೋ ಅಲ್ಲವೋ ಎಂಬುದು ನೋಡುವವರ ವೇಗದ ಮೇಲೆ ನಿಲ್ಲುವ ಸಂಗತಿಯಲ್ಲ.

ಗುರುತ್ವಕ್ಕೆ ಕಾರಣವಾಗುವುದು ಬರೀ ಶಕ್ತಿ ಅಲ್ಲ. ಸಂವೇಗ ಮತ್ತು ಅದರ ಹರಿವು ಕೂಡ ಲೆಕ್ಕಕ್ಕೆ ಬರುತ್ತವೆ. ಎಲ್ಲವೂ ಸೇರಿದಾಗ ಉತ್ತರ ಎಲ್ಲ ಚೌಕಟ್ಟುಗಳಿಗೂ ಒಂದೇ ಆಗಿ ಬರುತ್ತದೆ.

ರಾತ್ರಿಪಾಳಿ:
ಚೌಕಟ್ಟು ಬದಲಿಸಿ ನೋಡಬೇಕು ಅಂತ ಹೊಳೆದೇ ಇರಲಿಲ್ಲ. ನಾನು ಯಾವಾಗಲೂ ನೆಲದ ಮೇಲೇ ನಿಂತು ಯೋಚಿಸುತ್ತಿದ್ದೆ. ತುಂಬಾ ಥ್ಯಾಂಕ್ಸ್.

ಕೋಲಾರದ ಹುಡುಗಿ:
ಚೌಕಟ್ಟು ಬದಲಿಸುವ ಮಾತು ಬಂದಿದ್ದಕ್ಕೆ ನಮ್ಮೂರಿನ ಕಡೆಯದೂ ಒಂದು ಹೇಳುತ್ತೇನೆ. ನನ್ನ ತಾತ ಕೆಜಿಎಫ್ ಗಣಿಯಲ್ಲಿ ದುಡಿದವರು. ಆ ಗಣಿಯಲ್ಲಿ ನೆಲದಿಂದ ಎರಡು ಕಿಲೋಮೀಟರ್‌ಗೂ ಜಾಸ್ತಿ ಆಳದಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಪ್ರಯೋಗ ನಡೆಸುತ್ತಿದ್ದರು. ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೋ ಎಂಬ ಸೂಕ್ಷ್ಮ ಕಣಗಳ ಸುಳಿವು 1965ರಲ್ಲಿ ಅಲ್ಲಿ ಸಿಕ್ಕಿತು. ಅಷ್ಟು ಆಳಕ್ಕೆ ಹೋಗಲು ಮುಖ್ಯ ಕಾರಣ ಮೇಲಿಂದ ಸುರಿಯುವ ಮ್ಯೂಆನ್ ಎಂಬ ಕಣಗಳ ಕಾಟ ತಪ್ಪಿಸುವುದು.

ಆದರೆ ಮ್ಯೂಆನ್ ನೆಲಕ್ಕೆ ಮುಟ್ಟುವುದೇ ಒಂದು ಸೋಜಿಗ. ಅದು ಹುಟ್ಟುವುದು ಸುಮಾರು 15 ಕಿಲೋಮೀಟರ್ ಎತ್ತರದಲ್ಲಿ. ಅದರ ಸರಾಸರಿ ಆಯಸ್ಸು 2.2 ಮೈಕ್ರೋಸೆಕೆಂಡ್. ಬೆಳಕಿನ ವೇಗದಲ್ಲಿ ಓಡಿದರೂ 660 ಮೀಟರ್ ಹೋಗುವಷ್ಟರಲ್ಲಿ ಮುಗಿಯಬೇಕು. ಗಾಮಾ 50 ಇರುವ ಮ್ಯೂಆನ್ ತೆಗೆದುಕೊಳ್ಳಿ. ನಮ್ಮ ಲೆಕ್ಕದಲ್ಲಿ ಅದರ ಗಡಿಯಾರ 50 ಪಟ್ಟು ನಿಧಾನ. ಹಾಗಾಗಿ ಬದುಕಿ ಬರುತ್ತದೆ. ಮ್ಯೂಆನ್ ಲೆಕ್ಕದಲ್ಲಿ ಅದರ ಗಡಿಯಾರ ಸರಿಯಾಗಿಯೇ ಓಡುತ್ತಿದೆ. ವಾತಾವರಣವೇ 15 ಕಿಲೋಮೀಟರ್ ಬದಲು 300 ಮೀಟರ್ ದಪ್ಪ. ಸಮಯದ ಲೆಕ್ಕ ಬೇರೆ, ದೂರದ ಲೆಕ್ಕ ಬೇರೆ. ಆದರೆ ನೆಲಕ್ಕೆ ಮುಟ್ಟಿತು ಎಂಬುದು ಇಬ್ಬರಿಗೂ ನಿಜ. ಅದರ ದ್ರವ್ಯರಾಶಿ 105.7 ಎಂಇವಿ (ಕಣಗಳ ದ್ರವ್ಯರಾಶಿ, ಶಕ್ತಿ ಅಳೆಯುವ ಮಾನ) ಎಂಬುದೂ ಇಬ್ಬರಿಗೂ ನಿಜ. ದ್ರವ್ಯರಾಶಿ ಬದಲಾಗುವಂತಿದ್ದರೆ ಕಣಗಳ ಪಟ್ಟಿಯಲ್ಲಿ ಒಂದೊಂದಕ್ಕೆ ಒಂದೇ ಅಂಕಿ ಬರೆಯಲು ಆಗುತ್ತಿರಲಿಲ್ಲ.

ಹಳೇ ಬೇರು:
ಎರಡು ದಿನ ಯೋಚಿಸಿ ಬರೆಯುತ್ತಿದ್ದೇನೆ. ಮ್ಯಾಗ್ನೆಟ್ ಸಂವೇಗವನ್ನು ಅಳೆಯುತ್ತದೆ ಎಂಬ ಮಾತು ಒಪ್ಪಿದೆ. ಮುಂದಕ್ಕೆ 8, ಪಕ್ಕಕ್ಕೆ 2 ಎಂಬುದನ್ನೂ ಒಪ್ಪಿದೆ. ಅದನ್ನು ನಾನೂ ತರಗತಿಯಲ್ಲಿ ಹೇಳಿದ್ದೇನೆ. ಇಲ್ಲಿಯವರೆಗೆ ಎಳೆದು ನೋಡಿರಲಿಲ್ಲ.

ಆದರೆ ನೀವೆಲ್ಲ ಒಂದು ಸಂಗತಿ ಬಿಟ್ಟಿದ್ದೀರಿ. ಚಲನೆಯ ಶಕ್ತಿ ದ್ರವ್ಯರಾಶಿಗೆ ಸೇರುವುದೇ ಇಲ್ಲ ಎಂದು ಮಕ್ಕಳು ತಿಳಿದುಕೊಂಡರೆ ಅದೂ ತಪ್ಪು. ಬಾಯಿ ಬಿಗಿದ ಪಾತ್ರೆಯಲ್ಲಿ ಒಂದು ಲೀಟರ್ ನೀರಿದೆ. ಸೊನ್ನೆ ಡಿಗ್ರಿಯಿಂದ ನೂರು ಡಿಗ್ರಿಗೆ ಕಾಯಿಸಿ. ಸುಮಾರು 4.2 ಲಕ್ಷ ಜೂಲ್ ಒಳಗೆ ಹೋಯಿತು. ಅದನ್ನು ಸಿ² ನಿಂದ ಭಾಗಿಸಿದರೆ ಒಂದು ಗ್ರಾಂನ ನೂರು ಕೋಟಿ ಭಾಗದಲ್ಲಿ ಸುಮಾರು ಐದು ಭಾಗ. ಪಾತ್ರೆ ನಿಜವಾಗಿಯೂ ಅಷ್ಟು ಭಾರವಾಗಿದೆ. ಇದು ಯಾರ ಚೌಕಟ್ಟಿನ ಮಾತೂ ಅಲ್ಲ, ಎಲ್ಲರಿಗೂ ನಿಜ. ಹಾಗಾದರೆ ಒಳಗಿನ ಅಣುಗಳ ಓಟ ದ್ರವ್ಯರಾಶಿ ಆಯಿತಲ್ಲ?

ನಾನು ಕಂಡುಕೊಂಡ ಉತ್ತರ ಇದು. ರಾಕೆಟ್ ಅಕ್ಕಿಯ ಓಟಕ್ಕೆ ಒಂದು ದಿಕ್ಕಿದೆ. ನಾವೂ ಅದರ ಜೊತೆ ಓಡಿದರೆ ಆ ಶಕ್ತಿ ಮಾಯ. ಪಾತ್ರೆಯೊಳಗಿನ ಅಣುಗಳು ಎಲ್ಲ ದಿಕ್ಕಿಗೂ ಓಡುತ್ತವೆ. ಒಂದರ ಜೊತೆ ಓಡಲು ಹೋದರೆ ಉಳಿದವು ಇನ್ನೂ ಜೋರಾಗಿ ಓಡುವಂತೆ ಕಾಣುತ್ತವೆ. ಯಾವ ಚೌಕಟ್ಟಿಗೆ ಹೋದರೂ ಆ ಓಟವನ್ನು ಪೂರ್ತಿ ಕಳೆದುಕೊಳ್ಳಲು ಆಗದು. ಕಳೆದುಕೊಳ್ಳಲಾಗದೆ ಉಳಿಯುವ ಆ ಶಕ್ತಿಯೇ ದ್ರವ್ಯರಾಶಿ. ಒಂದೊಂದು ಅಣುವಿನ ದ್ರವ್ಯರಾಶಿ ಹೆಚ್ಚಲಿಲ್ಲ. ಪಾತ್ರೆಯದು ಒಟ್ಟಾರೆಯಾಗಿ ಹೆಚ್ಚಿತು. ದ್ರವ್ಯರಾಶಿಗಳನ್ನು ಸುಮ್ಮನೆ ಕೂಡಿದರೆ ಒಟ್ಟು ಬರುವುದಿಲ್ಲ ಎಂಬುದೇ ಇಲ್ಲಿನ ಪಾಠ. ಬಿದಿರುಗಳಗಳ ಉದ್ದ ಕೂಡಿದ ಹಾಗಲ್ಲ ಅದು. ನಾನು ತರಗತಿಯಲ್ಲಿ ಇದನ್ನು ಹೀಗೆ ಬಿಡಿಸಿ ಹೇಳಲಿಲ್ಲ ಎಂಬ ಕೊರಗು ಈಗ ಇದೆ.

ಸೋನೆಮಳೆ:
ಸರ್, ಇದು ಬಹಳ ದೊಡ್ಡ ಮಾತು. ಪ್ರೋಟಾನ್ ಕೂಡ ನಿಮ್ಮ ಪಾತ್ರೆಯ ಹಾಗೇ. ಅದರ ದ್ರವ್ಯರಾಶಿ 938 ಎಂಇವಿ. ಒಳಗಿನ ಮೂರು ಕ್ವಾರ್ಕ್‌ಗಳ ದ್ರವ್ಯರಾಶಿ ಕೂಡಿದರೆ ಸುಮಾರು 9 ಎಂಇವಿ, ನೂರಕ್ಕೆ ಒಂದು ಪಾಲು ಅಷ್ಟೆ. ಉಳಿದದ್ದು ಕ್ವಾರ್ಕ್ ಮತ್ತು ಅವನ್ನು ಹಿಡಿದಿಡುವ ಗ್ಲೂಆನ್‌ಗಳ ಓಟ, ಎಳೆದಾಟದ ಶಕ್ತಿ. ಅಕ್ಕಿಯ ಒಂದು ಕೆಜಿಯೂ ಹೆಚ್ಚುಕಡಿಮೆ ಅದೇ.

ಪಾತ್ರೆಯ ಲೆಕ್ಕದಂತೆ ಕೈಗಾ ಅಣುವಿದ್ಯುತ್ ಸ್ಥಾವರದ ಲೆಕ್ಕವನ್ನೂ ಹಾಕಬಹುದು. ಅಲ್ಲಿನ 220 ಮೆಗಾವಾಟ್‌ನ ಮೊದಲ ಘಟಕ 2018ರ ಡಿಸೆಂಬರ್ 31ರವರೆಗೆ ಒಂದೇ ಸಮನೆ 962 ದಿನ ಓಡಿ ವಿಶ್ವದಾಖಲೆ ಮಾಡಿತ್ತು. ಆ ದಿನಗಳಲ್ಲಿ ಸುಮಾರು 500 ಕೋಟಿ ಯೂನಿಟ್ ಕರೆಂಟ್ ಕೊಟ್ಟಿತು. ಅದನ್ನು ಸಿ² ನಿಂದ ಭಾಗಿಸಿದರೆ ಸುಮಾರು 200 ಗ್ರಾಂ. ತಂತಿಯ ಮೇಲೆ ಹೊರಗೆ ಹೋಗಿದ್ದು ಅಷ್ಟು. ಕದ್ರಾ ಜಲಾಶಯದ ನೀರಿಗೆ ಹೋದ ಬಿಸಿ ಅದಕ್ಕಿಂತ ಎರಡು ಪಟ್ಟಿಗೂ ಜಾಸ್ತಿ, ಅದು ಬೇರೆ.

ಪಯಣಿಗ:
ನಾನು ಕೆಲವು ವರ್ಷ ಜಿನೀವಾದ ದೊಡ್ಡ ವೇಗವರ್ಧಕದ ದತ್ತಾಂಶದ ಮೇಲೆ ಕೆಲಸ ಮಾಡಿದ್ದೇನೆ. ಹಳೇ ಬೇರು ಸರ್ ಹೇಳಿದ "ಕಳೆದುಕೊಳ್ಳಲಾಗದ ಶಕ್ತಿ" ನಮ್ಮ ದಿನನಿತ್ಯದ ಅನ್ನ. ಯಂತ್ರ ಕಟ್ಟುವಾಗಲೇ ಅದನ್ನು ನೋಡಿ ಕಟ್ಟಿದ್ದಾರೆ.

ಅಲ್ಲಿ 27 ಕಿಲೋಮೀಟರ್ ಸುತ್ತಳತೆಯ ಸುರಂಗದಲ್ಲಿ ಪ್ರೋಟಾನ್‌ಗಳು ಓಡುತ್ತವೆ. 2022ರಿಂದ ಒಂದೊಂದಕ್ಕೂ 6,800 ಜಿಇವಿ (ಒಂದು ಜಿಇವಿ ಅಂದರೆ 1,000 ಎಂಇವಿ) ಶಕ್ತಿ. ಬೆಳಕಿಗಿಂತ ಸೆಕೆಂಡಿಗೆ ಸುಮಾರು 3 ಮೀಟರ್ ಮಾತ್ರ ಹಿಂದೆ. ಇಂಥ ಒಂದು ಪ್ರೋಟಾನನ್ನು ನಿಂತಿರುವ ಇನ್ನೊಂದು ಪ್ರೋಟಾನ್‌ಗೆ ಬಡಿಸಿದರೆ ಹೊಸ ಕಣ ಹುಟ್ಟಿಸಲು ಎಷ್ಟು ಶಕ್ತಿ ಸಿಗುತ್ತದೆ? 6,800 ಜಿಇವಿ ಎಂದು ಅನಿಸುತ್ತದೆ. ಸಿಗುವುದು ಸುಮಾರು 113 ಜಿಇವಿ. ಆ ಯಂತ್ರದಲ್ಲಿ ಹುಡುಕಿ ಕಂಡ ಹಿಗ್ಸ್ ಎಂಬ ಕಣದ ದ್ರವ್ಯರಾಶಿ 125 ಜಿಇವಿ. ಅಷ್ಟು ದೊಡ್ಡ ಯಂತ್ರ ಕಟ್ಟಿಯೂ ಒಂದು ಹಿಗ್ಸ್ ಹುಟ್ಟುತ್ತಿರಲಿಲ್ಲ. ಯಾಕೆಂದರೆ ಬಡಿದ ಮೇಲೆ ಎಲ್ಲವೂ ಮುಂದಕ್ಕೆ ಓಡಲೇಬೇಕು. ಸಂವೇಗ ಉಳಿಯಬೇಕಲ್ವಾ? ಶಕ್ತಿಯ ಬಹುಪಾಲು ಆ ಓಟಕ್ಕೇ ಹೋಗುತ್ತದೆ. ಎದುರುಬದುರಾಗಿ ಓಡಿಸಿ ಬಡಿಸಿದರೆ ಒಟ್ಟು ಸಂವೇಗ ಸೊನ್ನೆ. ಆಗ 13,600 ಜಿಇವಿ ಪೂರ್ತಿ ಲೆಕ್ಕಕ್ಕೆ ಬರುತ್ತದೆ.

1950ರ ದಶಕದಲ್ಲಿ ಅಮೆರಿಕದ ಬರ್ಕ್‌ಲಿಯಲ್ಲಿ ಪ್ರತಿಪ್ರೋಟಾನ್ (ಪ್ರೋಟಾನ್‌ನಷ್ಟೇ ದ್ರವ್ಯರಾಶಿ, ವಿರುದ್ಧ ವಿದ್ಯುದಾವೇಶದ ಕಣ) ಹುಡುಕಲು ಹೊರಟಾಗ ನಿಂತ ಗುರಿಗೇ ಬಡಿಸಬೇಕಿತ್ತು. ಪ್ರೋಟಾನ್ ಮತ್ತು ಪ್ರತಿಪ್ರೋಟಾನ್ ಜೋಡಿಯ ದ್ರವ್ಯರಾಶಿ 1.88 ಜಿಇವಿ. ಬೇಕಾದ ಚಲನಶಕ್ತಿ ಅದರ ಮೂರು ಪಟ್ಟು, 5.6 ಜಿಇವಿ. ಅದಕ್ಕೇ 6 ಜಿಇವಿ ಮೀರುವ ಯಂತ್ರ ಕಟ್ಟಿದರು. 1955ರಲ್ಲಿ ಪ್ರತಿಪ್ರೋಟಾನ್ ಸಿಕ್ಕಿತು.

ನಿಮ್ಮ ಮಗಳಿಗೆ ಒಂದು ಲೆಕ್ಕ ಕೊಡುತ್ತೇನೆ ಮೇಡಂ. ಪೈ-ಸೊನ್ನೆ ಎಂಬ ಕಣ ಇದೆ. ದ್ರವ್ಯರಾಶಿ 135 ಎಂಇವಿ. ಅದು ನಿಂತಲ್ಲೇ ಒಡೆದು ಎರಡು ಫೋಟಾನ್ (ಬೆಳಕಿನ ಕಣ) ಆಗುತ್ತದೆ. ಒಂದು ಎಡಕ್ಕೆ, ಒಂದು ಬಲಕ್ಕೆ, ತಲಾ 67.5 ಎಂಇವಿ. ಫೋಟಾನ್‌ಗೆ ದ್ರವ್ಯರಾಶಿ ಇಲ್ಲ. ಹಾಗಾದರೆ 135 ಎಲ್ಲಿ ಹೋಯಿತು? ಎದುರುಬದುರು ಓಡುವ ಎರಡು ಫೋಟಾನ್‌ಗಳ ಜೋಡಿಯ ದ್ರವ್ಯರಾಶಿಗೆ ಸರಳ ಸೂತ್ರ ಇದೆ. ಎರಡರ ಶಕ್ತಿಯನ್ನು ಗುಣಿಸಿ, ವರ್ಗಮೂಲ ತೆಗೆದು, ಎರಡರಿಂದ ಗುಣಿಸಬೇಕು. ಮೊದಲು ನಿಂತು ಲೆಕ್ಕ ಹಾಕಲಿ. ಆಮೇಲೆ ಸೆಕೆಂಡಿಗೆ 1.8 ಲಕ್ಷ ಕಿಲೋಮೀಟರ್ ವೇಗದಲ್ಲಿ ಒಂದು ಫೋಟಾನ್‌ಗೆ ಎದುರಾಗಿ ಓಡುವವರ ಚೌಕಟ್ಟಿನಲ್ಲಿ ಹಾಕಲಿ. ಆ ಚೌಕಟ್ಟಿನಲ್ಲಿ ಎದುರಿಂದ ಬರುವ ಫೋಟಾನ್‌ನ ಶಕ್ತಿ ಎರಡು ಪಟ್ಟು, ಹಿಂದಿಂದ ಬರುವುದರ ಶಕ್ತಿ ಅರ್ಧ. ಹಿಗ್ಸ್ ಹುಡುಕಿದ ದಾರಿಗಳಲ್ಲಿ ಇದೂ ಒಂದು. 2012ರ ಜುಲೈ 4ರಂದು ತೋರಿಸಿದ ಚಿತ್ರಗಳಲ್ಲಿ ಫೋಟಾನ್ ಜೋಡಿಗಳ ದ್ರವ್ಯರಾಶಿಯ ರೇಖೆ 125ರ ಹತ್ತಿರ ಸ್ವಲ್ಪ ಉಬ್ಬಿತ್ತು.

ತುಂಗೆಯ ದಡ:
ಎಲ್ಲರಿಗೂ ಮನಸಾರೆ ಧನ್ಯವಾದ. ಹಳೇ ಬೇರು ಸರ್ ಬರೆದ ನೀರಿನ ಪಾತ್ರೆಯ ಮಾತನ್ನು ಮಗಳು ಎರಡು ಸಲ ಓದಿಸಿಕೊಂಡಳು. ಆಮೇಲೆ ಪಯಣಿಗ ಅವರ ಲೆಕ್ಕಕ್ಕೆ ಕೂತಳು. ಅವಳು ಬರೆದ ಹಾಗೇ ಹಾಕುತ್ತಿದ್ದೇನೆ.

"ನಿಂತವರಿಗೆ: 67.5 ಮತ್ತು 67.5. ಗುಣಿಸಿದರೆ 4556.25. ವರ್ಗಮೂಲ 67.5. ಎರಡರಿಂದ ಗುಣಿಸಿದರೆ 135.

ಓಡುವವರಿಗೆ: 135 ಮತ್ತು 33.75. ಒಟ್ಟು ಶಕ್ತಿ 168.75, ನಿಂತವರಿಗಿಂತ ಜಾಸ್ತಿ. ಗುಣಿಸಿದರೆ ಮತ್ತೆ 4556.25. ಹಾಗಾಗಿ ಮತ್ತೆ 135.

ಎರಡೂ ಫೋಟಾನ್ ಒಂದೇ ಕಡೆಗೆ ಓಡಿದರೆ ಎಂದು ನಾನೇ ಹಾಕಿ ನೋಡಿದೆ. ಈ ಸೂತ್ರ ಅಲ್ಲಿ ನಡೆಯಲ್ಲ. ಬಿದಿರುಗಳದ ಸೂತ್ರ ಹಾಕಿದೆ. ಶಕ್ತಿ 135, ಸಂವೇಗದ ಅಂಕಿಯೂ 135. ಕಳೆದರೆ ಸೊನ್ನೆ."